ಗಣಕಯಂತ್ರಕ್ಕೆ ಹೊಂದುವ ಮೆಮೊರಿಯ ಆಯ್ಕೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಸರ್ಕಾರದ ಬಹುತೇಕ ಸೇವೆಗಳಿಗೆ ಇಂದು ಅಂತರಜಾಲದ ಮೂಲಕವೇ ಅರ್ಜಿ ಸಲ್ಲಿಸಬಹುದಾಗಿದೆ. ಮನೆಯಲ್ಲಿ ಅಥವಾ ಸಣ್ಣ ಸೇವಾ ಕೇಂದ್ರದಲ್ಲಿ ಹಳೆಯ ಗಣಕಯಂತ್ರ ಇಟ್ಟುಕೊಂಡಿರುವವರಿಗೆ ಅರ್ಜಿ ನಮೂನೆ ತೆರೆಯಲು ತಡವಾಗುವುದು, ದಾಖಲೆ ಸ್ಕ್ಯಾನ್ ಮಾಡಿ ಸೇರಿಸುವಷ್ಟರಲ್ಲಿ ಯಂತ್ರ ಸ್ತಬ್ಧವಾಗುವುದು, ಮೊಬೈಲಿಗೆ ಬಂದ ಒಟಿಪಿಯ ಅವಧಿ ಮುಗಿಯುವುದು ಮುಂತಾದ ತೊಂದರೆಗಳು ಎದುರಾಗುತ್ತವೆ. ಇಂತಹ ಸಂದರ್ಭದಲ್ಲಿ ಹೊಸ ಯಂತ್ರ ಕೊಳ್ಳುವ ಬದಲು ಮೆಮೊರಿ ಹೆಚ್ಚಿಸಿಕೊಂಡರೆ ಅನೇಕ ವೇಳೆ ಕಡಿಮೆ ಖರ್ಚಿನಲ್ಲಿ ಪರಿಹಾರ ದೊರೆಯುತ್ತದೆ.

ಆದರೆ ಮೆಮೊರಿಯು ಎಲ್ಲ ಯಂತ್ರಗಳಿಗೂ ಸಮಾನವಾಗಿ ಹೊಂದುವ ವಸ್ತುವಲ್ಲ. ಒಂದು ಯಂತ್ರದಲ್ಲಿ ಸರಿಯಾಗಿ ಕೆಲಸ ಮಾಡುವ ಮೆಮೊರಿ ಇನ್ನೊಂದರಲ್ಲಿ ಕೂರುವುದೇ ಇಲ್ಲ, ಅಥವಾ ಕೂತರೂ ಯಂತ್ರ ಚಾಲನೆಯಾಗುವುದಿಲ್ಲ. ದೂರದ ಜಿಲ್ಲೆಯಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಂದು ಖರೀದಿಸಿ ಹಿಂದಿರುಗಿದವರು ಅದನ್ನು ಬದಲಾಯಿಸಲು ಮತ್ತೊಮ್ಮೆ ಬಸ್ ದರವನ್ನೂ ಒಂದು ದಿನದ ದುಡಿಮೆಯನ್ನೂ ಕಳೆದುಕೊಳ್ಳಬೇಕಾಗುತ್ತದೆ. ಅಲ್ಲದೆ, ದೋಷಯುಕ್ತ ವಸ್ತುವನ್ನು ಮಾರಿದವರ ವಿರುದ್ಧ ಗ್ರಾಹಕರಿಗೆ ಕಾನೂನಿನ ರಕ್ಷಣೆ ಇದೆಯಾದರೂ, ಸುಸ್ಥಿತಿಯಲ್ಲಿರುವ ವಸ್ತುವನ್ನು ಗ್ರಾಹಕರೇ ತಪ್ಪಾಗಿ ಆಯ್ದುಕೊಂಡಾಗ ಆ ರಕ್ಷಣೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಆದ್ದರಿಂದ ಹಣ ಪಾವತಿಸುವ ಮುನ್ನವೇ ಪರಿಶೀಲಿಸಬೇಕಾದ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ಮೆಮೊರಿ ಎಂದರೇನು?

ಅಂಗಡಿಗಳಲ್ಲಿ ರ‍್ಯಾಮ್ ಎಂದು ಕರೆಯಲಾಗುವ ಮೆಮೊರಿಯು, ಗಣಕಯಂತ್ರವು ಆ ಕ್ಷಣದಲ್ಲಿ ಮಾಡುತ್ತಿರುವ ಕೆಲಸವನ್ನು ಇರಿಸಿಕೊಳ್ಳುವ ಸ್ಥಳ. ಕಡತಗಳು ಶಾಶ್ವತವಾಗಿ ಉಳಿಯುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಹಾರ್ಡ್ ಡಿಸ್ಕ್ ಎಂಬುದು ದಾಖಲೆ ಕೊಠಡಿ, ಮೆಮೊರಿ ಎಂಬುದು ಮೇಜು. ಮೇಜು ಚಿಕ್ಕದಾದಷ್ಟೂ ಕಡತಕ್ಕಾಗಿ ದಾಖಲೆ ಕೊಠಡಿಗೆ ಹೋಗಿಬರುವುದು ಹೆಚ್ಚುತ್ತದೆ.

ಮೆಮೊರಿ ತುಂಬಿದಾಗ ಕಾರ್ಯಾಚರಣಾ ತಂತ್ರಾಂಶವು ಅದರ ಒಂದು ಭಾಗವನ್ನು ಡಿಸ್ಕಿಗೆ ವರ್ಗಾಯಿಸುತ್ತದೆ. ಮೆಮೊರಿಯ ಪ್ರತಿಕ್ರಿಯೆ ನ್ಯಾನೊ ಸೆಕೆಂಡುಗಳಲ್ಲಿ ದೊರೆತರೆ, ಹಾರ್ಡ್ ಡಿಸ್ಕಿನ ಪ್ರತಿಕ್ರಿಯೆ ಮಿಲಿ ಸೆಕೆಂಡುಗಳಲ್ಲಿ ದೊರೆಯುತ್ತದೆ. ಯಂತ್ರ ನಿಧಾನವಾಗಲು ಇದು ಮುಖ್ಯ ಕಾರಣ. ಮೆಮೊರಿ ಸಾಲದಾದಾಗ ಬ್ರೌಸರ್ ತಂತ್ರಾಂಶವು ಹಿಂದೆ ತೆರೆದಿಟ್ಟ ಪುಟವನ್ನು ಕೈಬಿಟ್ಟು, ಮರಳಿ ಬಂದಾಗ ಹೊಸದಾಗಿ ತೆರೆಯುವುದುಂಟು. ಅರ್ಧ ತುಂಬಿದ ಅರ್ಜಿ ಖಾಲಿಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

3. ಮೆಮೊರಿಯೇ ಪರಿಹಾರವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು

ನಿತ್ಯದ ಎಲ್ಲ ಕೆಲಸಗಳನ್ನೂ ಒಟ್ಟಿಗೆ ತೆರೆದಿಟ್ಟು, ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವಿಭಾಗವನ್ನು ನೋಡತಕ್ಕದ್ದು.

ಅ) ಮೆಮೊರಿಯ ಬಳಕೆ ಸತತವಾಗಿ ಶೇ. 85ಕ್ಕಿಂತ ಹೆಚ್ಚಿದ್ದರೆ ಮೆಮೊರಿ ಹೆಚ್ಚಿಸುವುದರಿಂದ ಪ್ರಯೋಜನವಾಗುವ ಸಂಭವ ಹೆಚ್ಚು.

ಆ) ಮೆಮೊರಿಯ ಬಳಕೆ ಅರ್ಧದಷ್ಟೇ ಇದ್ದು, ಡಿಸ್ಕಿನ ಬಳಕೆ ಶೇ. 100ರ ಆಸುಪಾಸಿನಲ್ಲಿದ್ದರೆ ಕೊರತೆ ಇರುವುದು ಡಿಸ್ಕಿನಲ್ಲಿ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು ಸೂಕ್ತ. ಈ ಸಂದರ್ಭದಲ್ಲಿ ಮೆಮೊರಿಗೆ ಹಣ ಹಾಕಿದರೆ ವ್ಯರ್ಥವಾಗುತ್ತದೆ.

ಇ) ಎರಡೂ ಕಡಿಮೆ ಇದ್ದು ಜಾಲತಾಣ ಮಾತ್ರ ನಿಧಾನವಾಗಿದ್ದರೆ ಅಂತರಜಾಲ ಸಂಪರ್ಕವನ್ನು ಪರಿಶೀಲಿಸುವುದು.

4. ಖರೀದಿಗೆ ಮುನ್ನ ಗೊತ್ತುಮಾಡಿಕೊಳ್ಳಬೇಕಾದ ಐದು ವಿವರಗಳು

ಮೆಮೊರಿಯು ಯಂತ್ರಕ್ಕೆ ಹೊಂದಬೇಕಾದರೆ ಈ ಕೆಳಕಂಡ ಐದು ವಿವರಗಳು ತಾಳೆಯಾಗಬೇಕು. ಇವುಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸುವುದು ಅವಶ್ಯ. ಮೊದಲ ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ ಮೆಮೊರಿ ಕೆಲಸ ಮಾಡದೇ ಹೋಗಬಹುದು. ಐದನೆಯದರಲ್ಲಿ ಮಾತ್ರ ಸ್ವಲ್ಪ ಸಡಿಲಿಕೆ ಇದೆ.

4.1 ಪೀಳಿಗೆ

ಮೆಮೊರಿಯ ಮಾನದಂಡಗಳನ್ನು ಜೆಡೆಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ನಿಗದಿಪಡಿಸುತ್ತದೆ. ಈವರೆಗೆ ವೈಯಕ್ತಿಕ ಗಣಕಯಂತ್ರಗಳಲ್ಲಿ ಬಳಕೆಗೆ ಬಂದಿರುವ ಡಿಡಿಆರ್ ಪೀಳಿಗೆಗಳ ವಿವರ ಹೀಗಿದೆ:

ಡಿಡಿಆರ್: ಮಾನದಂಡ ಪ್ರಕಟವಾದ ವರ್ಷ 2000, ಡೆಸ್ಕ್‌ಟಾಪ್ ಮಾಡ್ಯೂಲಿನಲ್ಲಿ 184 ಪಿನ್‌ಗಳು, 2.5 ವೋಲ್ಟ್
ಡಿಡಿಆರ್2: 2003, 240 ಪಿನ್‌ಗಳು, 1.8 ವೋಲ್ಟ್
ಡಿಡಿಆರ್3: 2007, 240 ಪಿನ್‌ಗಳು, 1.5 ವೋಲ್ಟ್
ಡಿಡಿಆರ್4: 2012, 288 ಪಿನ್‌ಗಳು, 1.2 ವೋಲ್ಟ್
ಡಿಡಿಆರ್5: 2020, 288 ಪಿನ್‌ಗಳು, 1.1 ವೋಲ್ಟ್

ಒಂದು ಪೀಳಿಗೆಯ ಮೆಮೊರಿಯನ್ನು ಇನ್ನೊಂದು ಪೀಳಿಗೆಯ ಸ್ಲಾಟಿನಲ್ಲಿ ಬಳಸಲಾಗುವುದಿಲ್ಲ. ಪಿನ್‌ಗಳ ಸಂಖ್ಯೆ ಒಂದೇ ಆಗಿದ್ದರೂ, ಉದಾಹರಣೆಗೆ ಡಿಡಿಆರ್4 ಮತ್ತು ಡಿಡಿಆರ್5, ಮಾಡ್ಯೂಲಿನ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುತ್ತದೆ. ತಪ್ಪು ಮೆಮೊರಿಯನ್ನು ಯಾರೂ ಕೂರಿಸದಿರಲಿ ಎಂದೇ ಈ ವ್ಯವಸ್ಥೆ ಮಾಡಲಾಗಿದೆ. ಕಚ್ಚು ಹೊಂದದಿದ್ದಲ್ಲಿ ಬಲವಂತವಾಗಿ ಒತ್ತಬಾರದು.

ಡಿಡಿಆರ್3ರಲ್ಲಿ ಡಿಡಿಆರ್3ಎಲ್ ಎಂಬ 1.35 ವೋಲ್ಟಿನ ಉಪಬಗೆ ಇದೆ. ಇದು ಸಾಮಾನ್ಯವಾಗಿ 1.5 ವೋಲ್ಟಿನಲ್ಲಿಯೂ ನಡೆಯುವುದರಿಂದ ಹಳೆಯ ಡಿಡಿಆರ್3 ಯಂತ್ರಗಳಿಗೆ ಹೊಂದುತ್ತದೆ. ಆದರೆ 1.35 ವೋಲ್ಟನ್ನು ಮಾತ್ರ ಒದಗಿಸುವ ಲ್ಯಾಪ್‌ಟಾಪಿಗೆ ಸಾಧಾರಣ ಡಿಡಿಆರ್3 ಹಾಕಬಾರದು. ಎರಡರ ಆಕಾರವೂ ಕಚ್ಚಿನ ಸ್ಥಳವೂ ಒಂದೇ ಆಗಿರುವುದರಿಂದ ಇದನ್ನು ಚೀಟಿ ಓದಿಯೇ ತಿಳಿಯಬೇಕು.

ಸಂಸ್ಕರಣಾ ಘಟಕದ, ಅಂದರೆ ಪ್ರೊಸೆಸರಿನ, ಹೆಸರಿನಿಂದಲೇ ಮೆಮೊರಿಯ ಪೀಳಿಗೆಯನ್ನು ಎಲ್ಲ ಸಂದರ್ಭದಲ್ಲೂ ನಿರ್ಧರಿಸಲಾಗದು. ಇಂಟೆಲ್ ಕಂಪನಿಯ 12, 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಡಿಡಿಆರ್4 ಮತ್ತು ಡಿಡಿಆರ್5 ಎರಡನ್ನೂ ಬೆಂಬಲಿಸುತ್ತವೆ. ಆದರೆ ಅವುಗಳಿಗೆ ತಯಾರಾದ ಬಹುತೇಕ ಮದರ್‌ಬೋರ್ಡುಗಳಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಸ್ಲಾಟ್ ಇರುತ್ತದೆ. ಎಎಂಡಿ ಕಂಪನಿಯ ಎಎಂ4 ಬೋರ್ಡುಗಳಿಗೆ ಡಿಡಿಆರ್4, ಎಎಂ5 ಬೋರ್ಡುಗಳಿಗೆ ಡಿಡಿಆರ್5 ಬೇಕು. ಆದ್ದರಿಂದ ಮದರ್‌ಬೋರ್ಡಿನ ಅಥವಾ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆಯನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು.

4.2 ಆಕಾರ

ಡೆಸ್ಕ್‌ಟಾಪಿನಲ್ಲಿ ಬಳಸುವ ಉದ್ದನೆಯ ಮಾಡ್ಯೂಲಿಗೆ ಡಿಮ್ ಎಂದೂ, ಲ್ಯಾಪ್‌ಟಾಪಿನಲ್ಲಿ ಬಳಸುವ ಚಿಕ್ಕ ಮಾಡ್ಯೂಲಿಗೆ ಸೋಡಿಮ್ ಎಂದೂ ಹೆಸರು. ಮೊದಲನೆಯದರ ಉದ್ದ ಸುಮಾರು 13.3 ಸೆಂ.ಮೀ. ಇದ್ದು, ಎರಡನೆಯದು ಸುಮಾರು 7 ಸೆಂ.ಮೀ. ಇರುತ್ತದೆ. ಮಾನಿಟರಿನೊಳಗೇ ಎಲ್ಲವೂ ಅಡಕವಾಗಿರುವ ಯಂತ್ರಗಳಲ್ಲಿ ಮತ್ತು ಅಂಗೈಯಗಲದ ಪುಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಮೆಮೊರಿಯೇ ಇರುತ್ತದೆ. ಡೆಸ್ಕ್‌ಟಾಪ್ ಎಂಬ ಮಾತ್ರಕ್ಕೆ ಉದ್ದನೆಯ ಮೆಮೊರಿ ಖರೀದಿಸಬಾರದು.

ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿ ಚಿಪ್ಪುಗಳನ್ನು ಬೋರ್ಡಿಗೇ ಬೆಸೆಯಲಾಗಿರುತ್ತದೆ. ಅಂತಹವುಗಳಲ್ಲಿ ಪ್ರತ್ಯೇಕ ಸ್ಲಾಟ್ ಇದ್ದರೆ ಮಾತ್ರ ಹೆಚ್ಚುವರಿ ಮೆಮೊರಿ ಸೇರಿಸಬಹುದು. ಆಪಲ್ ಕಂಪನಿಯು 2020ರಿಂದ ತನ್ನದೇ ಪ್ರೊಸೆಸರ್ ಅಳವಡಿಸಿ ಮಾರಾಟ ಮಾಡುತ್ತಿರುವ ಮ್ಯಾಕ್ ಯಂತ್ರಗಳಲ್ಲಿ ಖರೀದಿಯ ನಂತರ ಮೆಮೊರಿ ಹೆಚ್ಚಿಸಲು ಅವಕಾಶವಿಲ್ಲ. ಇಂತಹ ಯಂತ್ರ ಕೊಳ್ಳುವವರು ಮುಂದಿನ ಅಗತ್ಯವನ್ನು ಖರೀದಿಯ ದಿನವೇ ಅಂದಾಜು ಮಾಡಬೇಕು.

4.3 ಬಗೆ

ಮನೆ ಮತ್ತು ಅಂಗಡಿಗಳ ಗಣಕಯಂತ್ರಗಳಿಗೆ ಬೇಕಾದುದು ಅನ್‌ಬಫರ್ಡ್ ಎಂಬ ಬಗೆಯ ಮೆಮೊರಿ. ಸರ್ವರ್ ಯಂತ್ರಗಳಿಗೆ ರಿಜಿಸ್ಟರ್ಡ್ ಎಂಬ ಬೇರೆ ಬಗೆ ಇದೆ. ಸರ್ವರ್‌ಗಳಿಂದ ತೆಗೆದ ರಿಜಿಸ್ಟರ್ಡ್ ಮೆಮೊರಿ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ದೊರೆಯುವುದುಂಟು. ಡಿಡಿಆರ್3 ಮತ್ತು ಡಿಡಿಆರ್4 ಪೀಳಿಗೆಗಳಲ್ಲಿ ಇದು ಡೆಸ್ಕ್‌ಟಾಪ್ ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಸಾಧಾರಣ ಡೆಸ್ಕ್‌ಟಾಪ್ ಯಂತ್ರ ಇದರಿಂದ ಚಾಲನೆಯಾಗುವುದಿಲ್ಲ. ಬೆಲೆ ಅಸಹಜವಾಗಿ ಕಡಿಮೆ ಇದ್ದಾಗ ಈ ಅಂಶವನ್ನು ಮೊದಲು ನೋಡಬೇಕು.

ಇದೇ ರೀತಿ, ಡಿಡಿಆರ್2 ಮತ್ತು ಡಿಡಿಆರ್3 ಪೀಳಿಗೆಗಳಲ್ಲಿ ‘ಎಎಂಡಿಗೆ ಮಾತ್ರ’ ಎಂಬ ಒಕ್ಕಣೆಯೊಂದಿಗೆ ಅಗ್ಗದ ಮಾಡ್ಯೂಲ್‌ಗಳು ಮಾರಾಟವಾಗುತ್ತವೆ. ಅವುಗಳಲ್ಲಿನ ಚಿಪ್ಪುಗಳ ಜೋಡಣೆ ಬೇರೆಯಾಗಿದ್ದು, ಇಂಟೆಲ್ ಪ್ರೊಸೆಸರ್ ಇರುವ ಸಾಮಾನ್ಯ ಬೋರ್ಡುಗಳಲ್ಲಿ ಅವು ಕೆಲಸ ಮಾಡುವುದಿಲ್ಲ.

4.4 ಗರಿಷ್ಠ ಸಾಮರ್ಥ್ಯ

ಪ್ರತಿ ಯಂತ್ರಕ್ಕೂ ಒಟ್ಟು ಮೆಮೊರಿಯ ಮಿತಿ ಮತ್ತು ಒಂದು ಸ್ಲಾಟಿನ ಮಿತಿ ಎಂದು ಎರಡು ಮಿತಿಗಳಿರುತ್ತವೆ. ಒಟ್ಟು 16 ಜಿಬಿ ಮಿತಿಯ ಯಂತ್ರದಲ್ಲಿ ಎರಡು ಸ್ಲಾಟ್ ಇದ್ದರೆ, ಸಾಮಾನ್ಯವಾಗಿ ಒಂದರಲ್ಲಿ 8 ಜಿಬಿ ಮಾತ್ರ ಹಾಕಬಹುದು. 16 ಜಿಬಿಯ ಒಂದೇ ಮಾಡ್ಯೂಲ್ ಹಾಕಿದರೆ ಯಂತ್ರ ಅದನ್ನು ಗುರುತಿಸದಿರಬಹುದು. ಪ್ರೊಸೆಸರಿನ ಮಿತಿ ಹಾಗೂ ಬೋರ್ಡಿನ ಮಿತಿ ಬೇರೆ ಬೇರೆಯಾಗಿದ್ದಲ್ಲಿ ಕಡಿಮೆ ಇರುವುದೇ ಅನ್ವಯವಾಗುತ್ತದೆ.

ಕಾರ್ಯಾಚರಣಾ ತಂತ್ರಾಂಶಕ್ಕೂ ಮಿತಿ ಇದೆ. 32 ಬಿಟ್ ವಿಳಾಸದಿಂದ ಗುರುತಿಸಬಹುದಾದ ಸ್ಥಾನಗಳು 4,29,49,67,296 ಮಾತ್ರ. ಇದು 4 ಜಿಬಿಗೆ ಸಮ. ಆದ್ದರಿಂದ ಮನೆಬಳಕೆಯ 32 ಬಿಟ್ ವಿಂಡೋಸ್ ಇರುವ ಯಂತ್ರದಲ್ಲಿ 8 ಜಿಬಿ ಹಾಕಿದರೂ 4 ಜಿಬಿಗಿಂತ ಹೆಚ್ಚಿನದು ಬಳಕೆಗೆ ಬರುವುದಿಲ್ಲ. ಮೊದಲು 64 ಬಿಟ್ ತಂತ್ರಾಂಶಕ್ಕೆ ಬದಲಾಯಿಸಬೇಕು. ಯಂತ್ರದಲ್ಲಿರುವುದು ಯಾವುದೆಂಬುದು ವಿಂಡೋಸ್ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ತಿಳಿಯುತ್ತದೆ.

4.5 ವೇಗ

ಮೆಮೊರಿಯ ವೇಗವನ್ನು ಡಿಡಿಆರ್3-1600, ಡಿಡಿಆರ್4-2400, ಡಿಡಿಆರ್4-3200, ಡಿಡಿಆರ್5-4800 ಎಂಬಂತೆ ನಮೂದಿಸಲಾಗುತ್ತದೆ. ಕೆಲವು ಚೀಟಿಗಳಲ್ಲಿ ಪಿಸಿ3-12800 ಅಥವಾ ಪಿಸಿ4-25600 ಎಂದಿರುತ್ತದೆ. ಇದು ವೇಗವನ್ನು 8ರಿಂದ ಗುಣಿಸಿ ಬಂದ ಸಂಖ್ಯೆ: 1600ಕ್ಕೆ 12800, 3200ಕ್ಕೆ 25600.

ಹೆಚ್ಚಿನ ವೇಗದ ಮೆಮೊರಿಯನ್ನು ಕಡಿಮೆ ವೇಗದ ಯಂತ್ರಕ್ಕೆ ಹಾಕಿದರೆ ಅದು ಸಾಮಾನ್ಯವಾಗಿ ಯಂತ್ರದ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ. ಎರಡು ವೇಗದ ಮಾಡ್ಯೂಲ್‌ಗಳನ್ನು ಒಟ್ಟಿಗೆ ಹಾಕಿದರೆ ಎರಡೂ ಕಡಿಮೆ ವೇಗದಲ್ಲಿ ನಡೆಯುತ್ತವೆ. ಆದ್ದರಿಂದ ಹಳೆಯ ಯಂತ್ರಕ್ಕೆ ಹೆಚ್ಚಿನ ವೇಗಕ್ಕಾಗಿ ಹೆಚ್ಚು ಹಣ ನೀಡುವ ಅವಶ್ಯಕತೆ ಇಲ್ಲ. ಅದೇ ಹಣದಲ್ಲಿ ಹೆಚ್ಚು ಸಾಮರ್ಥ್ಯದ ಮೆಮೊರಿ ದೊರೆಯುವುದಾದರೆ ಅದೇ ಲಾಭದಾಯಕ.

5. ವಿವರಗಳನ್ನು ತಿಳಿಯುವ ವಿಧಾನ

ಮೇಲ್ಕಂಡ ವಿವರಗಳನ್ನು ಯಂತ್ರ ಬಿಚ್ಚದೆಯೇ ಬಹುಮಟ್ಟಿಗೆ ತಿಳಿಯಬಹುದು.

ಅ) ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಒಟ್ಟು ಸಾಮರ್ಥ್ಯ, ವೇಗ, ಆಕಾರ ಹಾಗೂ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಎಂಬುದು ಕಾಣುತ್ತದೆ. ಆಕಾರದ ಮುಂದೆ ‘ರೋ ಆಫ್ ಚಿಪ್ಸ್’ ಎಂದಿದ್ದರೆ ಮೆಮೊರಿಯನ್ನು ಬೋರ್ಡಿಗೆ ಬೆಸೆಯಲಾಗಿದೆ ಎಂದು ತಿಳಿಯಬೇಕು.

ಆ) ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಿಂದ ಪೀಳಿಗೆ, ಬೋರ್ಡಿನ ಮಾದರಿ ಮತ್ತು ಪ್ರತಿ ಸ್ಲಾಟಿನಲ್ಲಿರುವ ಮಾಡ್ಯೂಲಿನ ವಿವರ ದೊರೆಯುತ್ತದೆ. ಇದರಲ್ಲಿ ವೇಗವು ಅರ್ಧದಷ್ಟು ಕಾಣುತ್ತದೆ. 800 ಎಂದಿದ್ದರೆ ಅದು 1600ರ ಮೆಮೊರಿ ಎಂದು ಅರ್ಥೈಸಬೇಕು. ಇದನ್ನು ತಿಳಿಯದೆ ‘800ರ ರ‍್ಯಾಮ್’ ಎಂದು ಕೇಳಿದರೆ ಅಂಗಡಿಯವರು ಡಿಡಿಆರ್2-800 ಮೆಮೊರಿ ಕೊಡುವ ಸಂಭವವಿದೆ.

ಇ) ಲಿನಕ್ಸ್ ಬಳಸುವವರು ಡಿಎಂಐಡಿಕೋಡ್ ಎಂಬ ಆಜ್ಞೆಯಿಂದ ಇದೇ ವಿವರಗಳನ್ನು ಪಡೆಯಬಹುದು.

ಈ) ಗರಿಷ್ಠ ಮಿತಿಯನ್ನು ತಯಾರಕರ ಜಾಲತಾಣದಲ್ಲಿ ಮಾದರಿ ಸಂಖ್ಯೆ ನಮೂದಿಸಿ, ಕೈಪಿಡಿ ಅಥವಾ ತಾಂತ್ರಿಕ ವಿವರಣೆಯ ಪುಟದಲ್ಲಿ ನೋಡುವುದೇ ಉತ್ತಮ. ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಸಾಮಾನ್ಯವಾಗಿ ಅದರ ತಳಭಾಗದ ಚೀಟಿಯಲ್ಲಿರುತ್ತದೆ.

ಉ) ಯಂತ್ರ ಚಾಲನೆಯಲ್ಲಿಲ್ಲದಿದ್ದರೆ, ಅದರಲ್ಲಿರುವ ಮಾಡ್ಯೂಲನ್ನು ತೆಗೆದು ಚೀಟಿಯ ಛಾಯಾಚಿತ್ರ ತೆಗೆದುಕೊಂಡು ಅಂಗಡಿಗೆ ಹೋಗುವುದು, ಅಥವಾ ಸದರಿ ಮಾಡ್ಯೂಲನ್ನೇ ಮಾದರಿಯಾಗಿ ಒಯ್ಯುವುದು.

6. ಮಾಡ್ಯೂಲಿನ ಚೀಟಿಯನ್ನು ಓದುವ ಕ್ರಮ

ಅನೇಕ ತಯಾರಕರು ಜೆಡೆಕ್ ನಿಗದಿಪಡಿಸಿದ ಒಕ್ಕಣೆಯನ್ನು ಚೀಟಿಯ ಮೇಲೆ ಮುದ್ರಿಸುತ್ತಾರೆ. ಉದಾಹರಣೆಗೆ ‘8ಜಿಬಿ 1ಆರ್×8 ಪಿಸಿ4-2400ಟಿ-ಯುಎ2-11’ ಎಂಬುದನ್ನು ಹೀಗೆ ಓದಬೇಕು:

8ಜಿಬಿ: ಮಾಡ್ಯೂಲಿನ ಸಾಮರ್ಥ್ಯ.
1ಆರ್×8: ಚಿಪ್ಪುಗಳು ಒಂದು ಗುಂಪಿನಲ್ಲಿವೆ, ಪ್ರತಿ ಚಿಪ್ಪಿನ ಅಗಲ 8 ಬಿಟ್. ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳಿಗೆ ×8 ಅಥವಾ ×16 ಇರಬೇಕು. ×4 ಇದ್ದರೆ ಅದು ಸಾಮಾನ್ಯವಾಗಿ ಸರ್ವರ್ ಮೆಮೊರಿ.
ಪಿಸಿ4: ಪೀಳಿಗೆ ಡಿಡಿಆರ್4. ಪಿಸಿ3 ಎಂದರೆ ಡಿಡಿಆರ್3, ಪಿಸಿ3ಎಲ್ ಎಂದರೆ ಕಡಿಮೆ ವೋಲ್ಟಿನ ಡಿಡಿಆರ್3ಎಲ್.
2400: ವೇಗ. ಅದರ ಮುಂದಿನ ‘ಟಿ’ ಅಕ್ಷರ ಸಮಯ ವರ್ಗವನ್ನು ಸೂಚಿಸುತ್ತದೆ.
ಯು: ಡೆಸ್ಕ್‌ಟಾಪಿನ ಅನ್‌ಬಫರ್ಡ್ ಮಾಡ್ಯೂಲ್.

ಕೊನೆಯ ಭಾಗದ ಮೊದಲ ಅಕ್ಷರ ಅತಿ ಮುಖ್ಯ. ‘ಯು’ ಎಂದರೆ ಡೆಸ್ಕ್‌ಟಾಪ್, ‘ಎಸ್’ ಎಂದರೆ ಲ್ಯಾಪ್‌ಟಾಪ್, ‘ಆರ್’ ಎಂದರೆ ರಿಜಿಸ್ಟರ್ಡ್ ಸರ್ವರ್ ಮೆಮೊರಿ, ‘ಇ’ ಎಂದರೆ ದೋಷ ತಿದ್ದುವ ಇಸಿಸಿ ಮೆಮೊರಿ. ಹಳೆಯ ಮೆಮೊರಿ ಖರೀದಿಸುವಾಗ ಈ ಒಂದು ಅಕ್ಷರ ನೋಡಿದರೆ ದೊಡ್ಡ ತಪ್ಪು ತಪ್ಪುತ್ತದೆ. ಚೀಟಿಯನ್ನು ಕಿತ್ತು ಹಾಕಿರುವ ಮಾಡ್ಯೂಲನ್ನು ಖರೀದಿಸದಿರುವುದು ಲೇಸು.

7. ಎರಡು ಉದಾಹರಣೆಗಳು

ಉದಾಹರಣೆ 1: ಇಂಟೆಲ್ ಎರಡನೇ ಪೀಳಿಗೆಯ ಕೋರ್ ಐ3-2100 ಪ್ರೊಸೆಸರ್ ಮತ್ತು ಎಚ್61 ಮಾದರಿಯ ಬೋರ್ಡ್ ಇರುವ ಡೆಸ್ಕ್‌ಟಾಪಿನಲ್ಲಿ 2 ಜಿಬಿಯ ಒಂದು ಮಾಡ್ಯೂಲ್ ಇದೆ ಎಂದು ಭಾವಿಸೋಣ. ಇದಕ್ಕೆ ಬೇಕಾದುದು ಡಿಡಿಆರ್3, ಉದ್ದನೆಯ, ಅನ್‌ಬಫರ್ಡ್ ಮೆಮೊರಿ. ಸ್ಲಾಟ್‌ಗಳು ಎರಡು, ಗರಿಷ್ಠ 16 ಜಿಬಿ. ಈ ಪ್ರೊಸೆಸರ್ 1333 ವೇಗದವರೆಗೆ ಬೆಂಬಲಿಸುವುದರಿಂದ 1600ರ ಮೆಮೊರಿ ಹಾಕಿದರೂ 1333ರಲ್ಲಿಯೇ ನಡೆಯುತ್ತದೆ. 4 ಜಿಬಿಯ ಎರಡು ಮಾಡ್ಯೂಲ್ ಹಾಕಿದರೆ ಒಟ್ಟು 8 ಜಿಬಿ ಆಗಿ ಅರ್ಜಿ ತುಂಬುವ, ಪತ್ರ ಬೆರಳಚ್ಚು ಮಾಡುವ ಕೆಲಸಗಳಿಗೆ ಸಾಕಾಗುತ್ತದೆ.

ಆದರೆ ಈ ಯಂತ್ರದ ಬಗ್ಗೆ ಇನ್ನೊಂದು ಅಂಶ ಗಮನಾರ್ಹ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು ದಿನಾಂಕ 14-10-2025ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿಯ ಜೊತೆಗೆ ಟಿಪಿಎಂ 2.0 ಹಾಗೂ ಅನುಮೋದಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಎರಡನೇ ಪೀಳಿಗೆಯ ಪ್ರೊಸೆಸರ್ ಆ ಪಟ್ಟಿಯಲ್ಲಿಲ್ಲ. ಎಷ್ಟೇ ಮೆಮೊರಿ ಹಾಕಿದರೂ ಈ ಅರ್ಹತೆ ಬರುವುದಿಲ್ಲ. ಇಂತಹ ಯಂತ್ರವನ್ನು ಉಳಿಸಿಕೊಳ್ಳಬಯಸುವವರು ಭದ್ರತಾ ಪರಿಷ್ಕರಣೆ ದೊರೆಯುತ್ತಿರುವ ಲಿನಕ್ಸ್ ತಂತ್ರಾಂಶವನ್ನು ಪರಿಗಣಿಸಬಹುದು. ಆದರೆ ಬೆರಳಚ್ಚು ಸಾಧನ, ಸ್ಕ್ಯಾನರ್ ಮತ್ತು ಡಿಜಿಟಲ್ ಸಹಿಯ ಟೋಕನ್ ಅದರಲ್ಲಿ ನಡೆಯುತ್ತವೆಯೇ ಎಂಬುದನ್ನು ಮೊದಲು ಪರೀಕ್ಷಿಸಿ ನೋಡಬೇಕು.

ಉದಾಹರಣೆ 2: ಇಂಟೆಲ್ ಎಂಟನೇ ಪೀಳಿಗೆಯ ಕೋರ್ ಐ5-8250ಯು ಪ್ರೊಸೆಸರ್ ಇರುವ ಲ್ಯಾಪ್‌ಟಾಪಿನಲ್ಲಿ 4 ಜಿಬಿ ಡಿಡಿಆರ್4 ಮೆಮೊರಿ ಬೋರ್ಡಿಗೆ ಬೆಸೆದಿದ್ದು, ಒಂದು ಸ್ಲಾಟ್ ಖಾಲಿ ಇದೆ ಎಂದು ಭಾವಿಸೋಣ. ಇದಕ್ಕೆ 260 ಪಿನ್‌ನ ಡಿಡಿಆರ್4 ಸೋಡಿಮ್ ಬೇಕು. 8 ಜಿಬಿ ಸೇರಿಸಿದರೆ ಒಟ್ಟು 12 ಜಿಬಿ ಆಗುತ್ತದೆ. ಅಂಗಡಿಯಲ್ಲಿ 3200ರ ಮಾಡ್ಯೂಲ್ ಮಾತ್ರ ಇದ್ದರೂ ತೊಂದರೆ ಇಲ್ಲ; ಈ ಪ್ರೊಸೆಸರಿನಲ್ಲಿ ಅದು 2400ರ ವೇಗದಲ್ಲಿ ನಡೆಯುತ್ತದೆ. ಈ ಪ್ರೊಸೆಸರ್ ವಿಂಡೋಸ್ 11ರ ಅನುಮೋದಿತ ಪಟ್ಟಿಯಲ್ಲಿ ಇರುವುದರಿಂದ, ಇಲ್ಲಿ ಮೆಮೊರಿಗೆ ಹಾಕಿದ ಹಣ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ.

8. ಎಷ್ಟು ಮೆಮೊರಿ ಸಾಕು?

ಅರ್ಜಿ ಸಲ್ಲಿಕೆ, ದಾಖಲೆ ಸ್ಕ್ಯಾನ್, ಪತ್ರ ವ್ಯವಹಾರ ಹಾಗೂ ವೀಡಿಯೊ ಸಂವಾದಕ್ಕೆ 8 ಜಿಬಿ ಸಾಕಾಗುತ್ತದೆ. ದಿನವಿಡೀ ಹಲವು ಪುಟ ತೆರೆದಿಟ್ಟು, ಫೋಟೊ ತಿದ್ದುವ ಮತ್ತು ಲೆಕ್ಕಪತ್ರದ ತಂತ್ರಾಂಶ ನಡೆಸುವ ಸೇವಾ ಕೇಂದ್ರಗಳಿಗೆ 16 ಜಿಬಿ ಸೂಕ್ತ. ಬೋರ್ಡಿನಲ್ಲಿಯೇ ಗ್ರಾಫಿಕ್ಸ್ ಇರುವ ಯಂತ್ರಗಳು ಮೆಮೊರಿಯ ಒಂದು ಭಾಗವನ್ನು ಅದಕ್ಕಾಗಿ ಬಳಸುವುದರಿಂದ, ಅಳವಡಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಲಭ್ಯವೆಂದು ಪರದೆಯಲ್ಲಿ ಕಾಣುತ್ತದೆ. ಇದು ದೋಷವಲ್ಲ.

ಎರಡು ಸ್ಲಾಟ್ ಇರುವ ಯಂತ್ರಗಳಲ್ಲಿ ಸಮಾನ ಸಾಮರ್ಥ್ಯದ ಎರಡು ಮಾಡ್ಯೂಲ್ ಹಾಕಿದರೆ ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ದತ್ತಾಂಶ ಸಾಗಿ ಕೆಲಸ ಚುರುಕಾಗುತ್ತದೆ. ಆದರೆ ಮುಂದೆ ಹೆಚ್ಚಿಸುವ ಉದ್ದೇಶವಿದ್ದರೆ ಒಂದು ಸ್ಲಾಟನ್ನು ಖಾಲಿ ಬಿಡುವುದು ಮಿತವ್ಯಯದ ಕ್ರಮ.

2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಂದ ಬೇಡಿಕೆ ಹೆಚ್ಚಿದ ಕಾರಣ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಆದುದರಿಂದ ಹಳೆಯ ದರದ ಅಂದಾಜಿನಲ್ಲಿ ಹೊರಡದೆ, ಕನಿಷ್ಠ ಮೂರು ಕಡೆ ದರ ವಿಚಾರಿಸಿ, ಮೆಮೊರಿಯ ಬೆಲೆ ಮತ್ತು ಅಳವಡಿಕೆಯ ಶುಲ್ಕ ಎರಡನ್ನೂ ಕೂಡಿಸಿ, ಯಂತ್ರದ ಉಳಿದ ಆಯುಷ್ಯದೊಂದಿಗೆ ಹೋಲಿಸಿ ನಿರ್ಧರಿಸುವುದು.

9. ಖರೀದಿ, ರಸೀದಿ ಮತ್ತು ಗ್ರಾಹಕರ ಹಕ್ಕು

ಅ) ರಸೀದಿಯಲ್ಲಿ ತಯಾರಕರ ಹೆಸರು, ಪೀಳಿಗೆ, ಸಾಮರ್ಥ್ಯ, ವೇಗ ಮತ್ತು ಕ್ರಮಸಂಖ್ಯೆಯನ್ನು ಬರೆಸಿಕೊಳ್ಳತಕ್ಕದ್ದು. ಯಂತ್ರದ ಮಾದರಿ ಸಂಖ್ಯೆಯನ್ನು ಅಂಗಡಿಯವರಿಗೆ ತಿಳಿಸಿ, ‘ಈ ಯಂತ್ರಕ್ಕೆ ಹೊಂದುತ್ತದೆ’ ಎಂಬ ಮಾತನ್ನು ರಸೀದಿಯ ಮೇಲೆ ಬರೆಸಿಕೊಂಡರೆ, ಮುಂದೆ ಅದು ಮಾರಾಟಗಾರರ ಭರವಸೆಗೆ ಪುರಾವೆಯಾಗುತ್ತದೆ.

ಆ) ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ರಸೀದಿ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ವಸ್ತುವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಅದೇ ವ್ಯಾಖ್ಯೆಗೆ ಒಳಪಡುತ್ತದೆ.

ಇ) ಅಂತರಜಾಲ ಮಳಿಗೆಯಲ್ಲಿ ಕೊಂಡ ವಸ್ತು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ತಿಳಿಸಿದ ಗುಣಲಕ್ಷಣ ಹೊಂದಿಲ್ಲದಿದ್ದರೆ, ಇ-ವಾಣಿಜ್ಯ ನಿಯಮಗಳು, 2020ರ ಅನ್ವಯ ಮಾರಾಟಗಾರರು ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ಮಾರಾಟ ಪುಟದ ವಿವರಣೆಯ ಚಿತ್ರವನ್ನು ಖರೀದಿಯ ದಿನವೇ ಉಳಿಸಿಟ್ಟುಕೊಳ್ಳುವುದು.

ಈ) ತೊಂದರೆಯಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ವಸ್ತುವನ್ನು ಬೆಂಗಳೂರಿನಲ್ಲಿ ಖರೀದಿಸಿದ್ದರೂ, ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ನೀಡಲು 2019ರ ಅಧಿನಿಯಮದಲ್ಲಿ ಅವಕಾಶವಿದೆ. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿಗಳವರೆಗೆ ಇರುವ ದೂರುಗಳಿಗೆ ಶುಲ್ಕವಿಲ್ಲ.

10. ಅಳವಡಿಸುವಾಗ ಗಮನಿಸಬೇಕಾದ ಅಂಶಗಳು

ವಿದ್ಯುತ್ ಸಂಪರ್ಕ ತೆಗೆದು, ಲ್ಯಾಪ್‌ಟಾಪ್ ಆದಲ್ಲಿ ಬ್ಯಾಟರಿಯನ್ನೂ ಬೇರ್ಪಡಿಸಬೇಕು. ಮೈಮೇಲಿನ ಸ್ಥಿರ ವಿದ್ಯುತ್ತಿನಿಂದ ಚಿಪ್ಪುಗಳಿಗೆ ಹಾನಿಯಾಗುವ ಸಂಭವವಿರುವುದರಿಂದ, ಮೊದಲು ಲೋಹದ ಕ್ಯಾಬಿನೆಟ್ಟನ್ನು ಮುಟ್ಟಿ, ಮಾಡ್ಯೂಲನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕಚ್ಚನ್ನು ತಾಳೆ ನೋಡಿ, ಎರಡೂ ತುದಿಗಳನ್ನು ಸಮನಾಗಿ ಒತ್ತಿದಾಗ ಕೊಂಡಿ ಬಿಗಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಓರೆಯಾಗಿ ತೂರಿಸಿ ನಂತರ ಕೆಳಗೆ ಒತ್ತಬೇಕು.

ಯಂತ್ರ ಚಾಲನೆಯಾಗದೆ ಬೀಪ್ ಶಬ್ದ ಬಂದರೆ ಗಾಬರಿಗೊಳ್ಳದೆ, ಮಾಡ್ಯೂಲನ್ನು ತೆಗೆದು ಮತ್ತೆ ಕೂರಿಸಿ ನೋಡುವುದು. ಹಳೆಯ ಮಾಡ್ಯೂಲ್ ಮಾತ್ರ ಹಾಕಿದಾಗ ಯಂತ್ರ ನಡೆದರೆ ದೋಷ ಅಥವಾ ಹೊಂದಾಣಿಕೆಯ ಕೊರತೆ ಹೊಸದರಲ್ಲಿದೆ. ಚಾಲನೆಯಾದ ನಂತರ ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಅಥವಾ ಮೆಮ್‌ಟೆಸ್ಟ್86 ತಂತ್ರಾಂಶದಿಂದ ಪೂರ್ಣ ಪರೀಕ್ಷೆ ನಡೆಸಬೇಕು. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಇದನ್ನು ಮಾಡುವುದು ಮುಖ್ಯ.

ಮೆಮೊರಿ ಹೆಚ್ಚಿಸಲು ಡಿಸ್ಕನ್ನು ಅಳಿಸುವ ಅಗತ್ಯವಿಲ್ಲ. ಗುಪ್ತಪದವನ್ನು ದುರಸ್ತಿಗಾರರಿಗೆ ತಿಳಿಸುವ ಅಗತ್ಯವೂ ಇಲ್ಲ. ಮಾಲೀಕರು ಎದುರಿಗೇ ಇದ್ದು ಯಂತ್ರ ಚಾಲನೆಯಾದ ಮೇಲೆ ತಾವೇ ನಮೂದಿಸಬಹುದು. ಯಂತ್ರದಲ್ಲಿ ಆಧಾರ್, ಪಡಿತರ ಚೀಟಿ ಅಥವಾ ಗ್ರಾಹಕರ ದಾಖಲೆಗಳ ಪ್ರತಿಗಳಿರುವ ಸೇವಾ ಕೇಂದ್ರದವರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೇರೆ ಬೇರೆ ಕಂಪನಿಯ ಎರಡು ಮಾಡ್ಯೂಲ್‌ಗಳನ್ನು ಒಟ್ಟಿಗೆ ಬಳಸಬಹುದೇ?
ಉತ್ತರ: ಪೀಳಿಗೆ, ಆಕಾರ, ಬಗೆ ಮತ್ತು ವೋಲ್ಟ್ ಒಂದೇ ಆಗಿದ್ದರೆ ಸಾಮಾನ್ಯವಾಗಿ ಬಳಸಬಹುದು. ಆದರೂ ಹಿಂದಿರುಗಿಸುವ ಅವಕಾಶವಿರುವ ಅಂಗಡಿಯಲ್ಲಿ ಖರೀದಿಸುವುದು ಕ್ಷೇಮ.

ಪ್ರಶ್ನೆ: ಹಳೆಯ ಡಿಡಿಆರ್3 ಮೆಮೊರಿಯನ್ನು ಹೊಸ ಯಂತ್ರದಲ್ಲಿ ಬಳಸಬಹುದೇ?
ಉತ್ತರ: ಡಿಡಿಆರ್4 ಅಥವಾ ಡಿಡಿಆರ್5 ಸ್ಲಾಟ್ ಇರುವ ಯಂತ್ರದಲ್ಲಿ ಬಳಸಲಾಗುವುದಿಲ್ಲ.

ಪ್ರಶ್ನೆ: ತೆಗೆದ ಹಳೆಯ ಮೆಮೊರಿಯಲ್ಲಿ ನಮ್ಮ ದಾಖಲೆ ಉಳಿದಿರುತ್ತದೆಯೇ?
ಉತ್ತರ: ಇಲ್ಲ. ವಿದ್ಯುತ್ ನಿಂತ ಮೇಲೆ ಇದರಲ್ಲಿನ ಮಾಹಿತಿ ಅಳಿದುಹೋಗುತ್ತದೆ. ಸುಸ್ಥಿತಿಯಲ್ಲಿದ್ದರೆ ಬೇರೆಯವರಿಗೆ ನೀಡಬಹುದು. ಕೆಟ್ಟಿದ್ದರೆ ಕಸದೊಂದಿಗೆ ಹಾಕದೆ, ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಅನ್ವಯ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

12. ಅಂಗಡಿಗೆ ಹೋಗುವ ಮುನ್ನ ಭರ್ತಿ ಮಾಡಬೇಕಾದ ಪಟ್ಟಿ

ಈ ಪಟ್ಟಿಯನ್ನು ಮುದ್ರಿಸಿಕೊಂಡು ಅಥವಾ ಕಾಗದದಲ್ಲಿ ಬರೆದುಕೊಂಡು ಹೋಗುವುದು:

(1) ಯಂತ್ರದ ಅಥವಾ ಬೋರ್ಡಿನ ಮಾದರಿ ಸಂಖ್ಯೆ
(2) ಪೀಳಿಗೆ: ಡಿಡಿಆರ್2 / ಡಿಡಿಆರ್3 / ಡಿಡಿಆರ್3ಎಲ್ / ಡಿಡಿಆರ್4 / ಡಿಡಿಆರ್5
(3) ಆಕಾರ: ಉದ್ದನೆಯದು / ಲ್ಯಾಪ್‌ಟಾಪಿನದು
(4) ಬಗೆ: ಅನ್‌ಬಫರ್ಡ್
(5) ಸ್ಲಾಟ್‌ಗಳ ಸಂಖ್ಯೆ, ಖಾಲಿ ಇರುವ ಸ್ಲಾಟ್‌ಗಳು
(6) ಒಟ್ಟು ಗರಿಷ್ಠ ಮಿತಿ ಮತ್ತು ಒಂದು ಸ್ಲಾಟಿನ ಮಿತಿ
(7) ಈಗಿರುವ ಮೆಮೊರಿಯ ಸಾಮರ್ಥ್ಯ ಮತ್ತು ವೇಗ
(8) ಕಾರ್ಯಾಚರಣಾ ತಂತ್ರಾಂಶ: 32 ಬಿಟ್ / 64 ಬಿಟ್

ಮೊದಲ ಆರು ಅಂಶಗಳಲ್ಲಿ ಯಾವುದೇ ಒಂದು ಖಾಲಿ ಉಳಿದಿದ್ದರೂ ಖರೀದಿಯನ್ನು ಮುಂದೂಡುವುದು ಸೂಕ್ತ.

ಷರಾ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇಲ್ಲಿ ಉಲ್ಲೇಖಿಸಿರುವ ಕಂಪನಿ ಅಥವಾ ತಂತ್ರಾಂಶದ ಹೆಸರುಗಳನ್ನು ಉದಾಹರಣೆಗಾಗಿ ನೀಡಲಾಗಿದ್ದು, ಅವು ಶಿಫಾರಸು ಆಗಿರುವುದಿಲ್ಲ. ಯಂತ್ರದ ಕೈಪಿಡಿಯಲ್ಲಿನ ವಿವರಕ್ಕೂ ಈ ಪುಟದ ವಿವರಕ್ಕೂ ವ್ಯತ್ಯಾಸವಿದ್ದಲ್ಲಿ ಕೈಪಿಡಿಯ ವಿವರವನ್ನೇ ಅನುಸರಿಸತಕ್ಕದ್ದು.